ಡೆಬಿಯನ್ ವಿತರಣೆಯಲ್ಲಿ ಭದ್ರತೆ ಮತ್ತು ನಿರ್ವಹಣೆ: 2008ರ ಕೀಲಿ ಪ್ರಕರಣದ ಒಂದು ಅವಲೋಕನ

ಗಣಕ ತಂತ್ರಾಂಶದ ಇತಿಹಾಸವನ್ನು ಬಹುಮಟ್ಟಿಗೆ ಆವಿಷ್ಕಾರಗಳ ಇತಿಹಾಸವನ್ನಾಗಿಯೇ ಬರೆಯಲಾಗಿದೆ. ಯಾರು, ಯಾವ ವರ್ಷ, ಏನನ್ನು ರಚಿಸಿದರು ಎಂಬ ವಿವರಗಳು ನಮಗೆ ಹೇರಳವಾಗಿ ದೊರೆಯುತ್ತವೆ. ಹಾಗೆ ರಚಿತವಾದುದನ್ನು ವರ್ಷಾನುಗಟ್ಟಲೆ ಕಾಪಾಡಿಕೊಂಡು ಬಂದವರು ಕೈಗೊಂಡ ಸಣ್ಣ ಸಣ್ಣ ನಿರ್ಧಾರಗಳು ಮಾತ್ರ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅಂಥ ನಿರ್ಧಾರವೊಂದು ಲಕ್ಷಾಂತರ ಜನರ ಭದ್ರತೆಯನ್ನು ಹೇಗೆ ಪ್ರಭಾವಿಸಬಲ್ಲದು ಎಂಬುದಕ್ಕೆ ಡೆಬಿಯನ್ ವಿತರಣೆಯಲ್ಲಿ 2006ರಿಂದ 2008ರವರೆಗೆ ನಡೆದ ಪ್ರಕರಣವು ಮಹತ್ವದ ನಿದರ್ಶನವಾಗಿದೆ. ಅದರ ಹಿನ್ನೆಲೆಯನ್ನೂ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಂಸ್ಥೆಯ ಸ್ವರೂಪ

ಲಿನಕ್ಸ್ ಎಂಬುದು ಕಟ್ಟುನಿಟ್ಟಾಗಿ ಹೇಳುವುದಾದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಅಂದರೆ ಕರ್ನಲ್ ಮಾತ್ರ. ಅದರೊಡನೆ ಸಾವಿರಾರು ತಂತ್ರಾಂಶಗಳನ್ನು ಹೊಂದಿಸಿ, ಪರೀಕ್ಷಿಸಿ, ಬಳಕೆಗೆ ಸಿದ್ಧಗೊಳಿಸಿದ ಸಂಕಲನವನ್ನು ವಿತರಣೆ ಎಂದು ಕರೆಯುವುದು ರೂಢಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ ಅವರು 1993ರ ಆಗಸ್ಟ್ 16ರಂದು ಪ್ರಕಟಿಸಿದ ಡೆಬಿಯನ್ ಯೋಜನೆಯು ಯಾವುದೇ ವಾಣಿಜ್ಯ ಸಂಸ್ಥೆಯ ಒಡೆತನಕ್ಕೆ ಒಳಪಡದೆ ಸ್ವಯಂಸೇವಕರಿಂದಲೇ ಬೆಳೆದುಬಂದ ವಿತರಣೆಗಳಲ್ಲಿ ಪ್ರಮುಖವಾದುದು.

ಈ ಸಮುದಾಯದ ಆಡಳಿತವನ್ನು ಅರಿಯಲು ಎರಡು ದಾಖಲೆಗಳು ಮುಖ್ಯವಾಗುತ್ತವೆ. ಮೊದಲನೆಯದು 1997ರಲ್ಲಿ ಅಂಗೀಕೃತವಾದ ಸಾಮಾಜಿಕ ಒಪ್ಪಂದ. ತಂತ್ರಾಂಶದಲ್ಲಿನ ದೋಷಗಳನ್ನು ಬಳಕೆದಾರರಿಂದ ಮರೆಮಾಚುವುದಿಲ್ಲವೆಂಬ ವಚನವು ಅದರಲ್ಲಿದೆ. ಎರಡನೆಯದು 1998ರ ಸಂವಿಧಾನ. ಅದರ ಪ್ರಕಾರ ಪ್ರತಿಯೊಬ್ಬ ಅಭಿವೃದ್ಧಿಕಾರನೂ ತನ್ನ ಕೆಲಸಕ್ಕೆ ಸಂಬಂಧಿಸಿದ ತಾಂತ್ರಿಕ ನಿರ್ಧಾರಗಳನ್ನು ಸ್ವತಃ ಕೈಗೊಳ್ಳಬಹುದು. ಯಾರನ್ನೂ ಯಾವ ಕೆಲಸಕ್ಕೂ ಒತ್ತಾಯಿಸುವಂತಿಲ್ಲ. ಹೀಗೆ ಒಂದು ಪ್ಯಾಕೇಜಿನ ಹೊಣೆ ಹೊತ್ತ ನಿರ್ವಾಹಕನಿಗೆ ಸಾಕಷ್ಟು ಸ್ವಾತಂತ್ರ್ಯ ದೊರೆಯಿತು. ಆ ಸ್ವಾತಂತ್ರ್ಯವೇ ಈ ಸಂಸ್ಥೆಯ ಶಕ್ತಿಯೂ ಹೌದು, ಅದರ ಅಪಾಯವೂ ಹೌದು.

ಭದ್ರತೆಯ ವಿಷಯದಲ್ಲಿ ಡೆಬಿಯನ್ ಅನುಸರಿಸುತ್ತ ಬಂದ ನೀತಿಯನ್ನೂ ಇಲ್ಲಿ ಗಮನಿಸಬೇಕು. ಸ್ಥಿರ ಆವೃತ್ತಿಯೊಂದು ಬಿಡುಗಡೆಯಾದ ಮೇಲೆ ಅದರಲ್ಲಿನ ತಂತ್ರಾಂಶಗಳನ್ನು ಹೊಸ ಆವೃತ್ತಿಗೆ ಏರಿಸುವುದಿಲ್ಲ. ಲೋಪ ಕಂಡುಬಂದಲ್ಲಿ ಅದರ ಪರಿಹಾರವನ್ನಷ್ಟೇ ಹಳೆಯ ಆವೃತ್ತಿಗೆ ಅಳವಡಿಸಲಾಗುತ್ತದೆ. ಇದರಿಂದ ಬಳಕೆದಾರರ ವ್ಯವಸ್ಥೆ ಅಲುಗಾಡದೆ ಉಳಿಯುತ್ತದೆಯಾದರೂ, ಇತರರು ಬರೆದ ಸಂಕೇತವನ್ನು ಓದಿ, ಅರ್ಥೈಸಿ, ತಿದ್ದುವ ಭಾರವು ನಿರ್ವಾಹಕರ ಮೇಲೆ ಬೀಳುತ್ತದೆ.

2. ಹೊರಗಿನಿಂದ ಬಂದ ಆಕ್ರಮಣ

2003ರ ನವೆಂಬರಿನಲ್ಲಿ ಡೆಬಿಯನ್ ಯೋಜನೆಯ ನಾಲ್ಕು ಸರ್ವರುಗಳು ಆಕ್ರಮಣಕ್ಕೆ ತುತ್ತಾದವು. ಅಭಿವೃದ್ಧಿಕಾರರೊಬ್ಬರ ಗುಪ್ತಪದವನ್ನು ಕದ್ದು ಒಳನುಸುಳಿದ ಆಕ್ರಮಣಕಾರನು ಕರ್ನಲ್‌ನಲ್ಲಿದ್ದ ಲೋಪವೊಂದನ್ನು ಬಳಸಿ ಪೂರ್ಣಾಧಿಕಾರವನ್ನು ಪಡೆದಿದ್ದನು. ಆ ಲೋಪವು ಸೆಪ್ಟೆಂಬರಿನಲ್ಲಿಯೇ ಆಂಡ್ರ್ಯೂ ಮಾರ್ಟನ್ ಅವರ ಗಮನಕ್ಕೆ ಬಂದಿತ್ತು. ಆದರೆ ಅದರ ಪರಿಹಾರವು 2.4.22ನೆಯ ಕರ್ನಲ್ ಆವೃತ್ತಿಯನ್ನು ಸೇರಲು ತಡವಾಗಿ, ನವೆಂಬರ್ ಅಂತ್ಯದ 2.4.23ರಲ್ಲಿ ಹೊರಬಂದಿತು. ದುರಸ್ತಿ ಸಿದ್ಧವಾಗುವುದಕ್ಕೂ ಅದು ಬಳಕೆದಾರನನ್ನು ತಲುಪುವುದಕ್ಕೂ ನಡುವಣ ಅಂತರದಲ್ಲಿಯೇ ಅಪಾಯ ಅಡಗಿರುತ್ತದೆಂಬುದನ್ನು ಈ ಘಟನೆ ತೋರಿಸಿಕೊಟ್ಟಿತು.

ಪ್ಯಾಕೇಜುಗಳ ಭಂಡಾರಕ್ಕೆ ಧಕ್ಕೆಯಾಗಿರಲಿಲ್ಲ. ಯೋಜನೆಯು ಕೆಲವೇ ದಿನಗಳಲ್ಲಿ ಘಟನೆಯನ್ನು ಬಹಿರಂಗಪಡಿಸಿ ತನಿಖೆಯ ವಿವರಗಳನ್ನು ಪ್ರಕಟಿಸಿತು. 2007ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 4.0ನೆಯ ಆವೃತ್ತಿಯಲ್ಲಿ, ಇಳಿಸಿಕೊಳ್ಳುವ ಪ್ಯಾಕೇಜುಗಳು ಅಧಿಕೃತವೇ ಎಂಬುದನ್ನು ಗೂಢಲಿಪಿ ಸಹಿಯ ಮೂಲಕ ತಾನಾಗಿಯೇ ಪರಿಶೀಲಿಸುವ ಏರ್ಪಾಡು ಜಾರಿಗೆ ಬಂದಿತು. ವಿಪರ್ಯಾಸವೆಂದರೆ, ಅದೇ 4.0ನೆಯ ಆವೃತ್ತಿಯೊಳಗೆ ಸಹಿಯ ಪರಿಶೀಲನೆಗೆ ಸಿಕ್ಕದ ಇನ್ನೊಂದು ದೋಷ ಸೇರಿಹೋಗಿತ್ತು.

3. ಒಳಗಿನಿಂದ ಬಂದ ದೋಷ

ಓಪನ್‌ಎಸ್‌ಎಸ್‌ಎಲ್ ಎಂಬುದು ಜಾಲಸಂವಹನವನ್ನು ಗೂಢಲಿಪಿಗೆ ಪರಿವರ್ತಿಸುವ ತಂತ್ರಾಂಶ. ಗೂಢಲಿಪಿಯ ಬಲವು ಕೀಲಿಯನ್ನು ಯಾರೂ ಊಹಿಸಲಾರರೆಂಬುದನ್ನೇ ಅವಲಂಬಿಸಿದೆ. ಆದ್ದರಿಂದ ಕೀಲಿಯ ರಚನೆಗೆ ಅನಿಯತ ಸಂಖ್ಯೆಗಳು ಅಗತ್ಯ. ಓಪನ್‌ಎಸ್‌ಎಸ್‌ಎಲ್ ಹಲವು ಮೂಲಗಳಿಂದ ಅನಿಯತ ಮಾಹಿತಿಯನ್ನು ಸಂಗ್ರಹಿಸಿ ಒಂದು ಕೊಳದಲ್ಲಿ ಬೆರೆಸುತ್ತದೆ.

2006ರಲ್ಲಿ, ವಾಲ್‌ಗ್ರೈಂಡ್ ಎಂಬ ಪರೀಕ್ಷಾ ಸಾಧನವನ್ನು ಬಳಸುತ್ತಿದ್ದವರು, ಈ ತಂತ್ರಾಂಶವು ಮೌಲ್ಯ ತುಂಬದ ಸ್ಮೃತಿಭಾಗವನ್ನು ಓದುತ್ತಿದೆಯೆಂಬ ಎಚ್ಚರಿಕೆ ಬರುತ್ತಿರುವುದಾಗಿ ದೂರಿತ್ತರು. ಎಚ್ಚರಿಕೆಗೆ ಕಾರಣವಾಗಿದ್ದ ಸಾಲು ಎರಡು ಕಡೆ ಒಂದೇ ರೂಪದಲ್ಲಿತ್ತು. ಅವುಗಳಲ್ಲಿ ಒಂದನ್ನು ತೆಗೆದರೆ ಹಾನಿಯಿರಲಿಲ್ಲ. ಮತ್ತೊಂದು ಮಾತ್ರ ಸಂಗ್ರಹಿಸಿದ ಅನಿಯತ ಮಾಹಿತಿಯನ್ನೆಲ್ಲ ಕೊಳಕ್ಕೆ ಬೆರೆಸುವ ಸಾಲೇ ಆಗಿತ್ತು. ಡೆಬಿಯನ್ನಿನ ನಿರ್ವಾಹಕರು ಅವುಗಳನ್ನು ತೆಗೆಯಬಹುದೇ ಎಂದು ಓಪನ್‌ಎಸ್‌ಎಸ್‌ಎಲ್ ಬಳಗವನ್ನು ವಿಚಾರಿಸಿದರು. ದೋಷಪರೀಕ್ಷೆಗೆ ನೆರವಾಗುವುದಾದರೆ ತೆಗೆಯಬಹುದೆಂಬ ಅರ್ಥದ ಉತ್ತರವೂ ಬಂದಿತು. ಎರಡೂ ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. 2006ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ಅಸ್ಥಿರ ಶಾಖೆಯನ್ನು ಪ್ರವೇಶಿಸಿದ ಆ ಪ್ಯಾಕೇಜು ಮುಂದೆ ಸ್ಥಿರ ಆವೃತ್ತಿಯನ್ನೂ, ಡೆಬಿಯನ್ನನ್ನು ಆಧರಿಸಿದ ಉಬುಂಟು ಮೊದಲಾದ ವಿತರಣೆಗಳನ್ನೂ ಸೇರಿತು.

ಬದಲಾವಣೆಯ ನಂತರ ಕೊಳದಲ್ಲಿ ಉಳಿದ ಅನಿಯತ ಅಂಶವೆಂದರೆ ಚಾಲನೆಯಲ್ಲಿರುವ ಪ್ರಕ್ರಿಯೆಯ ಕ್ರಮಸಂಖ್ಯೆ ಮಾತ್ರ. ಲಿನಕ್ಸಿನಲ್ಲಿ ಆ ಸಂಖ್ಯೆಯ ರೂಢಿಯ ಮಿತಿ 32,768. ಎಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಬಗೆಯ ಹಾಗೂ ಒಂದು ಅಳತೆಯ ಕೀಲಿಗಳು ಅಷ್ಟರೊಳಗೇ ಮುಗಿದುಹೋಗುತ್ತಿದ್ದವು. ನೋಡಲು ಕೀಲಿಯು ಎಂದಿನಂತೆಯೇ ಉದ್ದವಾಗಿತ್ತು; ತಂತ್ರಾಂಶವು ಯಾವ ತಪ್ಪನ್ನೂ ತೋರಿಸುತ್ತಿರಲಿಲ್ಲ. ಸುಮಾರು 20 ತಿಂಗಳ ಕಾಲ ಈ ದೋಷವು ಬೆಳಕಿಗೆ ಬಾರದಿದ್ದುದಕ್ಕೆ ಇದೇ ಕಾರಣ.

ದೋಷವನ್ನು ಪತ್ತೆಹಚ್ಚಿದವರು ಡೆಬಿಯನ್ನಿನವರೇ ಆದ ಲೂಸಿಯಾನೋ ಬೆಲ್ಲೋ. 2008ರ ಮೇ 13ರಂದು 1571ನೆಯ ಭದ್ರತಾ ಪ್ರಕಟಣೆ ಹೊರಬಿದ್ದಿತು. ಪ್ಯಾಕೇಜನ್ನು ಬದಲಿಸಿದ ಮಾತ್ರಕ್ಕೆ ಅಪಾಯ ಕೊನೆಗೊಳ್ಳುವುದಿಲ್ಲವೆಂಬುದೇ ಈ ಪ್ರಕರಣದ ವಿಶೇಷ. ದೋಷಯುಕ್ತ ಗಣಕದಲ್ಲಿ ರಚಿತವಾದ ಕೀಲಿಗಳು ಬೇರೆ ಬೇರೆ ವ್ಯವಸ್ಥೆಗಳಿಗೂ ಹರಡಿಹೋಗಿದ್ದವು. ಡೆಬಿಯನ್ನನ್ನು ಎಂದೂ ಬಳಸದಿದ್ದವರ ಸರ್ವರೂ ಅಂಥ ಕೀಲಿಗೆ ಬಾಗಿಲು ತೆರೆಯಬಹುದಾಗಿತ್ತು. ಡಿಎಸ್‌ಎ ಪದ್ಧತಿಯ ಕೀಲಿಗಳ ಸ್ಥಿತಿ ಇನ್ನೂ ಶೋಚನೀಯ: ಬೇರೆಡೆ ಸರಿಯಾಗಿ ರಚಿತವಾದ ಕೀಲಿಯನ್ನು ದೋಷಯುಕ್ತ ಗಣಕದಲ್ಲಿ ಸಹಿ ಮಾಡಲು ಬಳಸಿದ್ದರೂ ಅದನ್ನು ತ್ಯಜಿಸಬೇಕಾಗಿತ್ತು. ಮರುದಿನವೇ ಓಪನ್‌ಎಸ್‌ಎಸ್‌ಎಚ್‌ಗೆ ಸಂಬಂಧಿಸಿದ ಪರಿಷ್ಕರಣೆಯೂ, ದುರ್ಬಲ ಕೀಲಿಗಳನ್ನು ಗುರುತಿಸಿ ನಿರಾಕರಿಸುವ ಪಟ್ಟಿಯೂ ಬಂದವು. ಇತ್ತ ಸಾಧ್ಯವಿರುವ ಕೀಲಿಗಳನ್ನೆಲ್ಲ ಲೆಕ್ಕಹಾಕಿ ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಪ್ರಕಟಿಸಲಾಯಿತು.

4. ಹೊಣೆಯ ಪ್ರಶ್ನೆ

ಓಪನ್‌ಎಸ್‌ಎಸ್‌ಎಲ್ ಬಳಗದ ಬೆನ್ ಲಾರಿ ಅವರು, ವಿತರಣೆಗಳು ತಾವು ಮಾಡುವ ತಿದ್ದುಪಡಿಗಳನ್ನು ಮೂಲ ಕರ್ತೃಗಳಿಗೆ ಒಪ್ಪಿಸಬೇಕೆಂದು ಕಟುವಾಗಿ ಟೀಕಿಸಿದರು. ಟೀಕೆ ಸಮಂಜಸವಾದುದೇ. ಆದರೆ ನಿರ್ವಾಹಕರು ಕೇಳದೆ ಮಾಡಿರಲಿಲ್ಲ. ಕೇಳಿದ ಪ್ರಶ್ನೆಯ ಗಂಭೀರತೆಯನ್ನು ಉತ್ತರಿಸಿದವರು ಅರಿಯಲಿಲ್ಲ. ಆ ಸಾಲುಗಳ ಮಹತ್ವವನ್ನು ತಿಳಿಸುವ ತಕ್ಕ ವಿವರಣೆ ಮೂಲ ಸಂಕೇತದಲ್ಲಿಯೂ ಇರಲಿಲ್ಲ. ಆದುದರಿಂದ ಇದನ್ನು ವ್ಯಕ್ತಿಯೊಬ್ಬನ ಅಜಾಗರೂಕತೆ ಎಂದು ತೀರ್ಮಾನಿಸುವುದು ಐತಿಹಾಸಿಕವಾಗಿ ಸಮರ್ಪಕವಾಗಲಾರದು. ಎರಡು ಸಮುದಾಯಗಳ ನಡುವಣ ಗಡಿಯಲ್ಲಿ ಹೊಣೆಯು ಯಾರ ಕೈಗೂ ಪೂರ್ಣವಾಗಿ ಸಿಗದೆ ಜಾರಿತೆಂಬುದೇ ವಾಸ್ತವ.

ಇನ್ನೊಂದು ಅಂಶವೂ ಇದೆ. ಮೂಲ ಸಂಕೇತವನ್ನು ಎಲ್ಲರೂ ಓದಬಹುದಾದ್ದರಿಂದ ದೋಷಗಳು ಬೇಗ ಸಿಕ್ಕಿಬೀಳುತ್ತವೆಂಬುದು ಮುಕ್ತ ತಂತ್ರಾಂಶದ ಪ್ರತಿಪಾದಕರ ವಾದ. ಆ ಎರಡು ಸಾಲುಗಳು 20 ತಿಂಗಳು ಎಲ್ಲರ ಕಣ್ಣೆದುರಿಗೇ ಇದ್ದವು. ಓದಲು ಅವಕಾಶವಿರುವುದು ಬೇರೆ, ಓದುವವರಿರುವುದು ಬೇರೆ. ಆದರೂ ದೋಷ ತಿಳಿದೊಡನೆ ಅದರ ಕಾರಣವನ್ನು ಸಾಲುಸಹಿತವಾಗಿ ಯಾರು ಬೇಕಾದರೂ ಪರಿಶೀಲಿಸಲು ಸಾಧ್ಯವಾದುದು ಅದೇ ಮುಕ್ತತೆಯ ಫಲವೆಂಬುದನ್ನು ಅಲ್ಲಗಳೆಯುವಂತಿಲ್ಲ.

5. ನಂತರದ ಬೆಳವಣಿಗೆಗಳು

ನಿರ್ವಹಣೆಗೆ ಬೇಕಾದ ದುಡಿಮೆ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಮುಂದಿನ ವರ್ಷಗಳಲ್ಲಿ ತೀವ್ರವಾಯಿತು. ಜಾಲವೀಕ್ಷಕಕ್ಕೆ ಹಳೆಯ ಆವೃತ್ತಿಯಲ್ಲಿಯೇ ತೇಪೆ ಹಾಕುವುದು ಅಸಾಧ್ಯವೆನಿಸಿದಾಗ, 2013ರಲ್ಲಿ ಡೆಬಿಯನ್ ತನ್ನ ನೀತಿಯನ್ನು ಸಡಿಲಿಸಿ, ಫೈರ್‌ಫಾಕ್ಸ್‌ನ ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನೇ ಸ್ಥಿರ ಶಾಖೆಗೆ ತರಲು ನಿರ್ಧರಿಸಿತು. 2014ರಲ್ಲಿ ಸ್ಥಿರ ಆವೃತ್ತಿಗಳ ಭದ್ರತಾ ಅವಧಿಯನ್ನು ಐದು ವರ್ಷಗಳಿಗೆ ವಿಸ್ತರಿಸುವ ಯೋಜನೆ ಆರಂಭವಾಯಿತು. ಅದರ ಕೆಲಸಕ್ಕೆ ಪ್ರಾಯೋಜಕರ ಹಣದಿಂದ ಸಂಭಾವನೆ ಕೊಡುವ ಪದ್ಧತಿಯೂ ಬಂದಿತು. ಸ್ವಯಂಸೇವೆಯೊಂದರಿಂದಲೇ ಈ ಭಾರ ಹೊರಲಾಗದೆಂಬುದನ್ನು ಸಮುದಾಯವು ಒಪ್ಪಿಕೊಂಡುದರ ಕುರುಹು ಇದು.

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಅವರು ಬಯಲಿಗೆಳೆದ ಎಕ್ಸ್‌ಝಡ್ ಪ್ರಕರಣವನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ದತ್ತಾಂಶ ಸಂಕೋಚನದ ಒಂದು ಸಣ್ಣ ತಂತ್ರಾಂಶದೊಳಕ್ಕೆ, ನಿರ್ವಾಹಕನ ವಿಶ್ವಾಸ ಗಳಿಸಿದವರು ಉದ್ದೇಶಪೂರ್ವಕವಾಗಿ ಕಳ್ಳಬಾಗಿಲನ್ನು ಅಡಗಿಸಿದ್ದರು. ಅದು ಓಪನ್‌ಎಸ್‌ಎಸ್‌ಎಚ್ ಸರ್ವರನ್ನು ತಲುಪಲು ದಾರಿಯಾದುದು ಡೆಬಿಯನ್ ಮೊದಲಾದ ವಿತರಣೆಗಳು ಅನುಕೂಲಕ್ಕಾಗಿ ಸೇರಿಸಿಕೊಂಡಿದ್ದ ತಿದ್ದುಪಡಿ. ಕಲುಷಿತ ಪ್ಯಾಕೇಜು ಅಸ್ಥಿರ ಮತ್ತು ಪರೀಕ್ಷಾ ಶಾಖೆಗಳವರೆಗೆ ಬಂದಿತ್ತು. ಸ್ಥಿರ ಆವೃತ್ತಿಯನ್ನು ಮುಟ್ಟಲಿಲ್ಲ. ಹಲವರು ಹಳಿಯುತ್ತಿದ್ದ ನಿಧಾನವೇ ಈ ಬಾರಿ ರಕ್ಷೆಯಾಯಿತು.

6. ಉಪಸಂಹಾರ

2008ರ ತಪ್ಪು ಸದುದ್ದೇಶದಿಂದಾದುದು. 2024ರ ಕೃತ್ಯ ದುರುದ್ದೇಶದ್ದು. ಎರಡೂ ಸಂದರ್ಭಗಳಲ್ಲಿ ಬಲಹೀನವಾಗಿದ್ದ ಸ್ಥಳ ಒಂದೇ: ಒಬ್ಬಿಬ್ಬರು ನಿರ್ವಾಹಕರ ಮೇಲೆ ನಿಂತಿದ್ದ ಅಸಂಖ್ಯ ಜನರ ನಂಬಿಕೆ. ಆ ನಂಬಿಕೆಯನ್ನು ತಂತ್ರಜ್ಞಾನವೊಂದೇ ಕಾಪಾಡಲಾರದು. ಅನುಮಾನ ಬಂದಾಗ ಕೇಳುವವರು, ಕೇಳಿದಾಗ ಗಮನವಿಟ್ಟು ಉತ್ತರಿಸುವವರು, ತಪ್ಪಾದಾಗ ಬಚ್ಚಿಡದೆ ಹೇಳುವವರು ಬೇಕಾಗುತ್ತದೆ. ಮೊದಲೆರಡರಲ್ಲಿ ಏನೋ ಎಡವಿದರೂ ಮೂರನೆಯದರಲ್ಲಿ ಡೆಬಿಯನ್ ಸಮುದಾಯ ತನ್ನ 1997ರ ವಚನಕ್ಕೆ ತಪ್ಪಲಿಲ್ಲ. ತಂತ್ರಾಂಶದ ಇತಿಹಾಸವನ್ನು ಬರೆಯುವವರು ಆವಿಷ್ಕಾರಗಳ ಸಾಲಿನಲ್ಲಿ ಇಂಥ ನಿರ್ವಹಣೆಯ ದಾಖಲೆಗಳಿಗೂ ಸ್ಥಾನ ಕಲ್ಪಿಸುವುದು ಅಗತ್ಯವಾಗಿದೆ.