ಸಲ್ಲದ ನಾಣ್ಯದ ವೃತ್ತಾಂತ

ನಾಣ್ಯವು ಎರಡು ಬಲಗಳಿಂದ ಸಲ್ಲುತ್ತದೆ. ಒಂದು, ಅದರೊಳಗಿನ ಲೋಹದ ಬಲ. ಇನ್ನೊಂದು, ಅದನ್ನು ಹೊರಡಿಸಿದ ಪ್ರಭುತ್ವದ ಮಾತಿನ ಬಲ. ಪ್ರಭುತ್ವವು ಅಳಿದರೆ ಅಥವಾ ತನ್ನ ಮಾತನ್ನು ಹಿಂದೆಗೆದುಕೊಂಡರೆ, ಆ ನಾಣ್ಯವನ್ನು ಕೈಯಲ್ಲಿ ಹಿಡಿದವನ ಗತಿಯೇನು? ರಾಜರ ಚರಿತ್ರೆಗಳಲ್ಲಿ ಈ ಪ್ರಶ್ನೆಗೆ ದೊರೆತಿರುವ ಸ್ಥಳವು ಸ್ವಲ್ಪವೇ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಬಿಳಿಗೆರೆಯಂತಹ ಗ್ರಾಮದ ತೋಟಗಾರನಿಗೆ, ಇದು ತಲೆತಲಾಂತರದಿಂದ ಬಂದಿರುವ ಪ್ರಶ್ನೆಯಾಗಿದೆ.

ಮೈಸೂರು ಸೀಮೆಯಲ್ಲಿ ಒಬ್ಬ ಅರಸನ ನಾಣ್ಯವು ಮತ್ತೊಬ್ಬನು ಪಟ್ಟಕ್ಕೆ ಬಂದೊಡನೆ ಮಾಯವಾಗುತ್ತಿರಲಿಲ್ಲ. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹಮೂರ್ತಿಯುಳ್ಳ ಸಣ್ಣ ಚಿನ್ನದ ಹಣವನ್ನು ಅಚ್ಚುಹಾಕಿಸಿದರು. ಇಂತಹ ಹತ್ತು ಹಣಗಳಿಗೆ ಒಂದು ಕಂಠೀರಾಯಿ ವರಹವೆಂದು ಲೆಕ್ಕ. ಈ ವರಹವು ಕಡತದಲ್ಲಿ ಇದ್ದಿತೇ ಹೊರತು ಕೈಯಲ್ಲಿ ಹಿಡಿಯುವ ನಾಣ್ಯವಾಗಿರಲಿಲ್ಲ. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರನು ಇಕ್ಕೇರಿಯ ವರಹದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಮಾತ್ರ ಪಾರಸಿಯಲ್ಲಿ ಒತ್ತಿಸಿದನು. ಜನರು ನಂಬಿದ ಮುದ್ರೆಯನ್ನು ಅಳಿಸಿದರೆ ನಾಣ್ಯವೇ ಸಲ್ಲದೆಂಬುದನ್ನು ಆತನು ಬಲ್ಲವನಾಗಿದ್ದನು. ಟಿಪ್ಪುವಿನ ಕಾಲದಲ್ಲಿ ಹೊಸ ಹೆಸರುಗಳ ರೂಪಾಯಿಗಳೂ ಆನೆಯ ಮುದ್ರೆಯ ತಾಮ್ರದ ಕಾಸುಗಳೂ ಇವುಗಳೊಡನೆ ಸೇರಿಕೊಂಡವು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷ ಈ ದೇಶವನ್ನು ಸಂಚರಿಸಿದ ಬುಕಾನನ್ನನು ಹೋದಹೋದಲ್ಲಿ ನಾಣ್ಯಗಳ ವಿವರಗಳನ್ನು ಬರೆದುಕೊಂಡುದು ಸಹಜವೇ ಆಗಿದೆ. ನಾಣ್ಯಗಳ ಸಂಬಂಧವನ್ನು ತಿಳಿಯದವನಿಗೆ ಯಾವ ಪದಾರ್ಥದ ಬೆಲೆಯೂ ತಿಳಿಯುವಂತಿರಲಿಲ್ಲ. ಇಂತಹ ಕಾಲದಲ್ಲಿ ಸಂತೆಯ ಅಧಿಕಾರಿಯೆಂದರೆ ಚಿನಿವಾರನೇ. ಆತನು ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿ, ತಕ್ಕಡಿಯಲ್ಲಿ ತೂಗಿ, ಸವೆದಿದ್ದರೆ ಸವೆತಕ್ಕೆಂದೂ, ಪರದೇಶದ್ದಾದರೆ ಅದಕ್ಕೆಂದೂ ವಟ್ಟವನ್ನು ಮುರಿದುಕೊಂಡು, ಉಳಿದುದನ್ನು ಸಲ್ಲುವ ಹಣದಲ್ಲಿ ಎಣಿಸಿಕೊಡುತ್ತಿದ್ದನು. ವರ್ತಕನು ಈ ವಟ್ಟವನ್ನು ಸರಕಿನ ಬೆಲೆಗೆ ಸೇರಿಸಿಬಿಡಬಲ್ಲನು; ಕಂದಾಯದ ಕಂತಿಗಾಗಿ ಕಾಯಿ ಮಾರಿದ ರೈತನು ಅದನ್ನು ಯಾರ ಮೇಲೆ ಹೊರಿಸಬೇಕು? ವಟ್ಟದ ಭಾರವೆಲ್ಲ ಕೊನೆಗೆ ಅವನ ಹೆಗಲಿಗೇ ಬೀಳುತ್ತಿತ್ತು. ಹೀಗಿದ್ದರೂ ಒಂದು ಆಸರೆಯುಂಟು: ಅರಸನು ಹೋದರೂ ಚಿನ್ನವು ಚಿನ್ನವೇ. ವಟ್ಟವು ಒಂದು ಅಂಶವನ್ನು ತಿನ್ನುತ್ತಿತ್ತೇ ಹೊರತು ನಾಣ್ಯವನ್ನೇ ನುಂಗುತ್ತಿರಲಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವನ್ನು ಈಗಲೂ ನೋಡಬಹುದು. ೧೮೩೧ರಲ್ಲಿ ಆಡಳಿತವು ಇಂಗ್ಲಿಷರ ಕೈಸೇರಿತು. ೧೮೩೩ರಲ್ಲಿ ಟಂಕಸಾಲೆಯು ಮೈಸೂರಿನಿಂದ ಬೆಂಗಳೂರಿಗೆ ಬಂದಿತು. ೧೮೪೩ರಲ್ಲಿ ಅದು ಮುಚ್ಚಿಯೇ ಹೋಯಿತು. ಅಷ್ಟರೊಳಗೆ, ೧೮೩೫ರ ಶಾಸನದಿಂದ, ೧೮೦ ಗ್ರೇನು ತೂಕದ ಕಂಪೆನಿ ರೂಪಾಯಿಯು ಹುಟ್ಟಿತ್ತು. ವರಹ, ಹಣ, ಅಡ್ಡ, ಹಾಗಗಳು ಕ್ರಮವಾಗಿ ಅಕ್ಕಸಾಲೆಯ ಮೂಸೆಗೋ ಹೆಂಗಸರ ಕೊರಳಿಗೋ ಸೇರಿದವು. ಆದರೆ ಆ ಚಿಕ್ಕ ಚಿನ್ನದ ನಾಣ್ಯದ ಹೆಸರಾದ ‘ಹಣ’ವು ಕನ್ನಡಿಗರ ಬಾಯಲ್ಲಿ ಸಮಸ್ತ ಧನಕ್ಕೂ ಹೆಸರಾಗಿ ನಿಂತಿತು. ನಾಣ್ಯವು ಸಲ್ಲದೆ ಹೋದರೂ ಮಾತು ಸಲ್ಲುತ್ತಲೇ ಇದೆ.

ಎರಡನೆಯ ಮಹಾಯುದ್ಧವು ಬೇರೊಂದು ಪಾಠವನ್ನು ಕಲಿಸಿತು. ಹಳೆಯ ರೂಪಾಯಿಯಲ್ಲಿ ೧೬೫ ಗ್ರೇನು ಶುದ್ಧ ಬೆಳ್ಳಿಯಿದ್ದಿತು. ೧೯೪೦ರ ಹೊಸ ರೂಪಾಯಿಯಲ್ಲಿ ಅದು ೯೦ ಗ್ರೇನಿಗೆ ಇಳಿಯಿತು. ಬಳಿಕ ವಿಕ್ಟೋರಿಯಾ ರಾಣಿಯ ರೂಪಾಯಿಯು ೧೯೪೧ರ ಮಾರ್ಚ್ ೩೧ಕ್ಕೂ, ಏಳನೆಯ ಎಡ್ವರ್ಡನದು ೧೯೪೨ರ ಮೇ ೩೧ಕ್ಕೂ ಚಲಾವಣೆಯನ್ನು ಕಳೆದುಕೊಂಡವು. ಐದನೆಯ ಮತ್ತು ಆರನೆಯ ಜಾರ್ಜರ ಹಳೆಯ ಬೆಳ್ಳಿಯ ರೂಪಾಯಿಗಳೂ ೧೯೪೩ರಲ್ಲಿ ಅದೇ ದಾರಿಯನ್ನು ಹಿಡಿದವು. ಆಜ್ಞೆಯನ್ನು ನಂಬಿ ಗಡುವಿನೊಳಗೆ ಖಜಾನೆಗೆ ಒಪ್ಪಿಸಿದವನಿಗೆ ರೂಪಾಯಿಗೆ ರೂಪಾಯಿಯೇ ದೊರೆಯಿತು. ಗಡಿಗೆಯಲ್ಲಿ ಹೂತಿಟ್ಟು ಮರೆತವನಿಗೆ ಬೆಳ್ಳಿಯೇ ಉಳಿಯಿತು. ವಿಧೇಯನಿಗಿಂತ ಮರೆಗುಳಿಯೇ ಲಾಭ ಪಡೆದ ವಿಚಿತ್ರವಿದು.

೧೯೫೭ರ ಏಪ್ರಿಲ್ ೧ರಂದು ನಯಾಪೈಸೆಯು ಬಂದಾಗ ನಷ್ಟವು ಕೂದಲೆಳೆಯಷ್ಟಾಯಿತು. ರೂಪಾಯಿಗೆ ೧೬ ಆಣೆಯಂತೆ ಒಂದು ಆಣೆಗೆ ಆರೂಕಾಲು ಪೈಸೆಯಾಗಬೇಕು. ಪಟ್ಟಿಯಲ್ಲಿ ನಿಗದಿಯಾದುದು ೬. ನಾಲ್ಕಾಣೆಗೆ ಮಾತ್ರ ಸರಿಯಾಗಿ ೨೫. ಬಿಡಿಯಾಗಿ ಬದಲಾಯಿಸುವವನಿಗೆ ಕಾಲು ಪೈಸೆಯ ವಟ್ಟವು ಹೀಗೆ ಶಾಸನದಲ್ಲಿಯೇ ಉಳಿದುಕೊಂಡಿತು.

ಕಾಗದದ ಹಣದ ರೀತಿಯೇ ಬೇರೆ. ಅದರಲ್ಲಿ ಲೋಹದ ಬಲವಿಲ್ಲ, ಇರುವುದು ಮಾತೊಂದೇ. ೧೯೪೬ರ ಜನವರಿಯಲ್ಲಿಯೂ ೧೯೭೮ರ ಜನವರಿಯಲ್ಲಿಯೂ ರದ್ದಾದವು ದೊಡ್ಡ ಮೊತ್ತದ ನೋಟುಗಳಾದುದರಿಂದ ಹಳ್ಳಿಯ ಬಡವರಿಗೆ ಅದರ ಬಿಸಿ ತಟ್ಟಿದುದು ಕಡಿಮೆ. ೨೦೧೬ರ ನವೆಂಬರ್ ೮ರ ರಾತ್ರಿ ೫೦೦ ಮತ್ತು ೧೦೦೦ದ ನೋಟುಗಳು ಬಿದ್ದಾಗ ಹಾಗಾಗಲಿಲ್ಲ. ಅವು ಕೊಬ್ಬರಿಯ ಮಂಡಿಯಲ್ಲಿ ನಿತ್ಯವೂ ಓಡಾಡುತ್ತಿದ್ದ ನೋಟುಗಳು. ಡಿಸೆಂಬರ್ ೩೦ರೊಳಗೆ ಬ್ಯಾಂಕಿಗೆ ಕಟ್ಟದೆ ಮುದುಕಿಯ ಸೀರೆಯ ಮಡಿಕೆಯಲ್ಲಿ ಉಳಿದ ನೋಟನ್ನು ಯಾವ ಚಿನಿವಾರನೂ ತೂಗಿ ಕೊಳ್ಳಲಾರನು. ೨೦೨೩ರ ಮೇ ೧೯ರಂದು ಹಿಂದೆಗೆದುಕೊಂಡ ೨೦೦೦ದ ನೋಟಿನ ವಿಷಯದಲ್ಲಿ ನಡೆ ಮೃದುವಾಗಿದ್ದಿತು. ಬ್ಯಾಂಕುಗಳಲ್ಲಿ ಅವಧಿ ಮುಗಿದ ಮೇಲೂ ಬೆಂಗಳೂರು ಮೊದಲಾದ ಊರುಗಳ ರಿಸರ್ವ್ ಬ್ಯಾಂಕಿನ ೧೯ ಕಚೇರಿಗಳಲ್ಲಿ, ಅಂಚೆಯ ಮೂಲಕವೂ, ಅದನ್ನು ಒಪ್ಪಿಸಲು ಅವಕಾಶ ಕೊಡಲಾಯಿತು.

ಪರದೇಶಗಳಲ್ಲಿಯೂ ಈ ಭೇದವುಂಟು. ಜರ್ಮನಿಯ ಹಳೆಯ ಮಾರ್ಕನ್ನು ಅಲ್ಲಿಯ ಕೇಂದ್ರ ಬ್ಯಾಂಕು ಕಾಲಮಿತಿಯಿಲ್ಲದೆ ಯೂರೋವಿಗೆ ಬದಲಾಯಿಸಿಕೊಡುತ್ತದೆ. ಹಿಂದೆಗೆದುಕೊಂಡ ಪೌಂಡು ನೋಟುಗಳಿಗೆ ಇಂಗ್ಲೆಂಡಿನ ಬ್ಯಾಂಕು ಎಂದಿಗೂ ಬಾಧ್ಯಸ್ಥವಾಗಿದೆ. ಫ್ರಾನ್ಸು ಮಾತ್ರ ತನ್ನ ಫ್ರಾಂಕಿನ ನೋಟುಗಳಿಗೆ ೨೦೧೨ರ ಫೆಬ್ರವರಿ ೧೭ರಂದು ಬಾಗಿಲು ಮುಚ್ಚಿತು. ಹೊರದೇಶಗಳಿಂದ ಮರಳುವ ಮಕ್ಕಳ ಜೇಬುಗಳಲ್ಲಿ ಉಳಿದುಬರುವ ಚಿಲ್ಲರೆಯ ಕಥೆಯೂ ಇದೇ. ವಿದೇಶೀ ನಾಣ್ಯಗಳನ್ನು ಎಷ್ಟಾದರೂ ಇಟ್ಟುಕೊಳ್ಳಲು ಭಾರತದ ಕಾನೂನು ಅನುಮತಿಸುತ್ತದೆ. ಆದರೆ ವಿನಿಮಯದ ಅಂಗಡಿಯವರು ಸಾಮಾನ್ಯವಾಗಿ ನೋಟನ್ನು ಕೊಳ್ಳುವರೇ ಹೊರತು ನಾಣ್ಯವನ್ನು ಮುಟ್ಟರು. ಸಾಗಿಸುವ ವೆಚ್ಚವೇ ಅದರ ಬೆಲೆಯನ್ನು ಮೀರುವುದು.

ತೆಂಗಿನ ಸೀಮೆಯವರು ಕಾಯಿಯನ್ನು ಅಟ್ಟಕ್ಕೆ ಏರಿಸಿ ವರ್ಷದಷ್ಟು ಕಾಲ ಕಾಯುತ್ತಾರೆ. ಕಾಲವು ಕಳೆದಂತೆ ನೀರು ಇಂಗಿ, ಕಾಯಿಯು ಉಂಡೆಕೊಬ್ಬರಿಯಾಗಿ ಬೆಲೆ ಪಡೆಯುತ್ತದೆ. ಕಾಯುವುದೇ ಸಂಪತ್ತೆಂದು ತಿಳಿದ ಈ ಜನರು ಹಣವನ್ನೂ ಅಟ್ಟದಲ್ಲಿಯೇ ಇಟ್ಟುದರಲ್ಲಿ ಆಶ್ಚರ್ಯವಿಲ್ಲ. ಚಿನ್ನಬೆಳ್ಳಿಗಳ ಕಾಲಕ್ಕೆ ಆ ವಿವೇಕವು ಸರಿಹೊಂದಿತ್ತು. ಕಾಗದದ ಕಾಲದಲ್ಲಿ ಒರೆಗಲ್ಲಿನ ಸ್ಥಾನಕ್ಕೆ ಪಂಚಾಂಗವು ಬಂದಿದೆ. ನೋಟಿನ ಬೆಲೆಯನ್ನು ನಿರ್ಣಯಿಸುವುದು ಅದರ ಮೈಯಲ್ಲ, ಅದನ್ನು ಒಪ್ಪಿಸುವ ದಿವಸ. ಆದುದರಿಂದ ನೋಟನ್ನು ಹಿಂದೆಗೆದುಕೊಳ್ಳುವ ಪ್ರಭುತ್ವವು ನೆನೆಯಬೇಕಾದುದು ಒಂದುಂಟು: ಆಜ್ಞೆಯು ರಾಜಧಾನಿಯಲ್ಲಿ ಕ್ಷಣದಲ್ಲಿ ಹೊರಡುತ್ತದೆ, ಬಿಳಿಗೆರೆಯ ಅಟ್ಟವನ್ನು ಅದು ತಲಪುವುದಕ್ಕೆ ಕಾಲ ಬೇಕು. ಆ ಕಾಲವನ್ನು ಕೊಡದಿದ್ದರೆ, ಚಿನಿವಾರನು ಎಂದೂ ಮುರಿದುಕೊಳ್ಳದಷ್ಟು ದೊಡ್ಡ ವಟ್ಟವನ್ನು ಪ್ರಭುತ್ವವೇ ಮುರಿದುಕೊಂಡಂತಾಗುವುದು.