ಸುಮನಹಳ್ಳಿ: ದೈವಭರವಸೆ ಮತ್ತು ಸೇವಾಜೀವನ

ಸುಮನಹಳ್ಳಿ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮಾಗಡಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಕಡೆ ಇರುವ ಕುಷ್ಠರೋಗ ಚಿಕಿತ್ಸೆ ಮತ್ತು ಪುನರ್ವಸತಿ ಕೇಂದ್ರ. ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಬೆಂಗಳೂರು ಕಥೋಲಿಕ ಮಹಾಧರ್ಮಕ್ಷೇತ್ರ 1977ರಲ್ಲಿ ಇದನ್ನು ಆರಂಭಿಸಿತು. ದೇವರಲ್ಲಿ ಭರವಸೆಯಿಟ್ಟು ಸೇವಕರಾಗಿ ಬಾಳಬೇಕೆಂಬ ಕ್ರೈಸ್ತ ಆದರ್ಶ ನಿತ್ಯದ ದುಡಿಮೆಯಾದ ಬಗೆಗೆ ಇದು ಕರ್ನಾಟಕದ ಮುಖ್ಯ ನಿದರ್ಶನಗಳಲ್ಲೊಂದು. ಕೇಂದ್ರದ ಹೆಸರೇ ಮುಂದೆ ಅಲ್ಲಿನ ವೃತ್ತಕ್ಕೂ ಬಸ್ ನಿಲ್ದಾಣಕ್ಕೂ ಮೇಲ್ಸೇತುವೆಗೂ ಬಂದಿದೆ.

ಧಾರ್ಮಿಕ ನೆಲೆ

ಕ್ರೈಸ್ತರಲ್ಲಿ ದೈವಭರವಸೆ ಎಂದರೆ ಕೈಕಟ್ಟಿ ಕೂರುವುದಲ್ಲ. ನಾಳಿನ ಅನ್ನ ಬಟ್ಟೆಗಳ ಚಿಂತೆಯನ್ನು ತಂದೆಯಾದ ದೇವರಿಗೆ ಬಿಡಬೇಕೆಂದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾರೆ. ಅದೇ ಶುಭಸಂದೇಶದ 25ನೇ ಅಧ್ಯಾಯ ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ ಮಾಡಿದ್ದೆಲ್ಲ ತನಗೇ ಮಾಡಿದ್ದೆಂದು ಕ್ರಿಸ್ತನು ಎಣಿಸುವುದಾಗಿ ತಿಳಿಸುತ್ತದೆ. ತನ್ನ ಚಿಂತೆ ಇಳಿಸಿಕೊಂಡವನಿಗೆ ಇನ್ನೊಬ್ಬರ ಚಿಂತೆ ಹೊರಲು ಬಿಡುವು ಸಿಗುತ್ತದೆ ಎಂಬ ನಂಟು ಈ ಎರಡರ ನಡುವೆ ಇದೆ. ಕೃತಿಯಿಲ್ಲದ ವಿಶ್ವಾಸ ನಿರ್ಜೀವವೆಂದು ಯಕೋಬನ ಪತ್ರವೂ ಎಚ್ಚರಿಸುತ್ತದೆ.

ಸೇವಕತ್ವದ ಮಾದರಿ ಸ್ವತಃ ಯೇಸು. ಕೊನೆಯ ಭೋಜನದ ರಾತ್ರಿ ಅವರು ಶಿಷ್ಯರ ಪಾದ ತೊಳೆದ ಪ್ರಸಂಗ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ. ಪವಿತ್ರ ಗುರುವಾರದ ಸಂಜೆ ಗುರುಗಳು ಭಕ್ತರ ಪಾದ ತೊಳೆಯುವುದು ಇದರ ಸ್ಮರಣೆಗಾಗಿಯೇ. ಈ ವಿಧಿಗೆ ಗಂಡಸರನ್ನು ಮಾತ್ರ ಆರಿಸಬೇಕೆಂಬ ನಿಯಮವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಸಡಿಲಿಸಿದರು. ಕುಷ್ಠರೋಗಿಗಳ ಸೇವೆಗೆ ಇನ್ನೊಂದು ನೇರ ಆಧಾರವಿದೆ. ಯೆಹೂದ್ಯರ ಧರ್ಮನಿಯಮ ಅಂಥ ರೋಗಿಗಳನ್ನು ಪಾಳೆಯದ ಹೊರಗಿಟ್ಟಿತ್ತು. ಯೇಸು ಅಂಥವನೊಬ್ಬನನ್ನು ಕೈಚಾಚಿ ಮುಟ್ಟಿ ಗುಣಪಡಿಸಿದ್ದನ್ನು ಮಾರ್ಕನ ಮೊದಲ ಅಧ್ಯಾಯ ಹೇಳುತ್ತದೆ. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಜೊತೆಗೇ ಬಾಳಿ, ಅದೇ ರೋಗದಿಂದ 1889ರಲ್ಲಿ ತೀರಿಕೊಂಡ ಫಾದರ್ ಡೇಮಿಯನ್ ಈ ದಾರಿಯ ಹೆಸರಾಂತ ಪಥಿಕ. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಹಿನ್ನೆಲೆ ಮತ್ತು ಸ್ಥಾಪನೆ

ಕುಷ್ಠರೋಗದ ಬ್ಯಾಕ್ಟೀರಿಯಾವನ್ನು ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದರು. ಆದರೂ ಪೂರ್ವಜನ್ಮದ ಪಾಪ, ವಂಶದ ಶಾಪ ಎಂಬ ಭಯ ಸಮಾಜದಲ್ಲಿ ಉಳಿದುಕೊಂಡಿತು. ರೋಗ ಬಂದವರನ್ನು ಮನೆಯವರೇ ಹೊರಹಾಕುತ್ತಿದ್ದರು. ಮನೆ ಬಿಟ್ಟವರು ನಗರ ಸೇರಿ ಭಿಕ್ಷೆಗೆ ಇಳಿಯುತ್ತಿದ್ದರು. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯ್ದೆ ಅವರನ್ನು ಪ್ರತ್ಯೇಕವಾಗಿಡಲು ಅವಕಾಶ ಕೊಟ್ಟಿತ್ತು. ಅದು ರದ್ದಾದದ್ದು 2016ರಲ್ಲಿ. ಬೆಂಗಳೂರಿನಲ್ಲಿ ಸರ್ಕಾರಿ ಕುಷ್ಠರೋಗ ಆಸ್ಪತ್ರೆ, ಜನ ಬೆಗ್ಗರ್ಸ್ ಕಾಲೊನಿ ಎಂದು ಕರೆಯುವ ನಿರಾಶ್ರಿತರ ಪರಿಹಾರ ಕೇಂದ್ರ, ಎರಡೂ ಸುಮನಹಳ್ಳಿ ಇರುವ ಮಾಗಡಿ ರಸ್ತೆಯಲ್ಲೇ ಇವೆ.

1971ರಿಂದ 1986ರವರೆಗೆ ಮಹಾಧರ್ಮಾಧ್ಯಕ್ಷರಾಗಿದ್ದ ಪಾಕ್ಯಂ ಆರೋಗ್ಯಸ್ವಾಮಿ ಅವರ ಕಾಲದಲ್ಲಿ ಸುಮನಹಳ್ಳಿ ಹುಟ್ಟಿತು. ಸರ್ಕಾರ 60ಕ್ಕೂ ಹೆಚ್ಚು ಎಕರೆ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಸಂತ ಅಂತೋನಿ ಮರಿಯ ಕ್ಲಾರೆಟ್ 1849ರಲ್ಲಿ ಸ್ಪೇನಿನಲ್ಲಿ ಸ್ಥಾಪಿಸಿದ ಕ್ಲರೇಷಿಯನ್ ಸಂಘದ ಗುರುಗಳು ಮುಂದೆ ಕೇಂದ್ರವನ್ನು ನಡೆಸಿದರು. ಬಹುಕಾಲ ನಿರ್ದೇಶಕರಾಗಿದ್ದ ಫಾದರ್ ಜಾರ್ಜ್ ಕಣ್ಣಂತಾನಂ ನೇತ್ರದಾನ ಚಳವಳಿಯಿಂದಲೂ ಪರಿಚಿತರು.

ಸೇವೆಯ ಸ್ವರೂಪ

ಕುಷ್ಠರೋಗ ನರಗಳನ್ನು ಹಾಳುಮಾಡುತ್ತದೆ. ಸ್ಪರ್ಶಜ್ಞಾನ ಹೋದ ಕೈಗೆ ಬಿಸಿ ಪಾತ್ರೆ ಸುಡುವುದು ತಿಳಿಯದು. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದು. ನೋವಿಲ್ಲದ ಗಾಯ ಕೀವಾಗಿ ಮೂಳೆಯವರೆಗೆ ಇಳಿಯುತ್ತದೆ. ಬೆರಳುಗಳು ಮೊಟಕಾಗುವುದು ಹೀಗೆಯೇ ಹೊರತು ರೋಗವೇ ನೇರವಾಗಿ ಅವನ್ನು ತಿನ್ನುವುದಿಲ್ಲ. ಆದ್ದರಿಂದ ಇಲ್ಲಿ ಸೇವೆಯ ಮೊದಲ ಕೆಲಸ ತೀರ ಸಾಮಾನ್ಯವಾದದ್ದು: ಕಾಲನ್ನು ನೀರಿನಲ್ಲಿ ನೆನೆಸಿ, ದಡ್ಡುಗಟ್ಟಿದ ಚರ್ಮ ತೆಗೆದು, ಹುಣ್ಣು ತೊಳೆದು ಬಟ್ಟೆ ಕಟ್ಟುವುದು. ಪವಿತ್ರ ಗುರುವಾರ ವರ್ಷಕ್ಕೊಮ್ಮೆ ಚರ್ಚಿನಲ್ಲಿ ನಡೆಯುವ ವಿಧಿ ಇಂಥ ಕೇಂದ್ರಗಳಲ್ಲಿ ದಿನದ ಕೆಲಸ. ಪಾದಕ್ಕೆ ಒತ್ತಡ ಬೀಳದಂತೆ ಎಂಸಿಆರ್ ಎಂಬ ಮೆದು ರಬ್ಬರಿನ ಚಪ್ಪಲಿ ಕೊಡುವುದೂ ಚಿಕಿತ್ಸೆಯ ಭಾಗ. ಮಡಚಿಕೊಂಡ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೆಟ್ಟಗೆ ಮಾಡುವ ಶಸ್ತ್ರಕ್ರಿಯೆಯನ್ನು ಬೆಳೆಸಿದವರು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಡಾ. ಪಾಲ್ ಬ್ರಾಂಡ್.

ಸುಮನಹಳ್ಳಿ ಆರಂಭವಾದಾಗ ಡ್ಯಾಪ್ಸೋನ್ ಮಾತ್ರೆಯೇ ಮುಖ್ಯ ಮದ್ದಾಗಿತ್ತು. ಅದನ್ನು ವರ್ಷಗಟ್ಟಲೆ ನುಂಗಬೇಕಿತ್ತು. ರಿಫಾಂಪಿಸಿನ್, ಕ್ಲೊಫಾಜಿಮಿನ್, ಡ್ಯಾಪ್ಸೋನ್ ಸೇರಿದ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1982ರಲ್ಲಿ ಶಿಫಾರಸು ಮಾಡಿತು. ಆ ಬಳಿಕ ಕ್ರಮೇಣ ರೋಗ 6 ಅಥವಾ 12 ತಿಂಗಳಲ್ಲಿ ವಾಸಿಯಾಗುವಂತಾಯಿತು. ಆದರೆ ಮೈ ವಾಸಿಯಾದರೂ ಮನೆಬಾಗಿಲು ತೆರೆಯುತ್ತಿರಲಿಲ್ಲ. ಆಶ್ರಯ ಕೊಟ್ಟರೆ ಸಾಲದು, ದುಡಿಮೆಯೂ ಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಚರ್ಮದ ವಸ್ತುಗಳ ತಯಾರಿಕೆ, ಹೊಲಿಗೆ ಮುಂತಾದ ಕಸುಬುಗಳ ತರಬೇತಿ, ಮಕ್ಕಳ ಶಿಕ್ಷಣ, ಕುಟುಂಬಗಳಿಗೆ ವಸತಿ ಕೇಂದ್ರದ ಕೆಲಸದೊಳಗೆ ಬಂದವು. ಅಂಗವಿಕಲರಿಗೂ ಎಚ್‌ಐವಿ ಬಾಧಿತ ಮಕ್ಕಳಿಗೂ ಇಲ್ಲಿ ನೆರವು ದೊರೆಯಿತು. ಭಿಕ್ಷಾಪಾತ್ರೆ ಹಿಡಿದಿದ್ದ ಕೈಗೆ ಸಂಬಳ ಬಂದದ್ದು ಈ ಕೇಂದ್ರದ ಮುಖ್ಯ ಸಾಧನೆ.

ಜನಸಾಮಾನ್ಯರ ಪಾಲು

ಸೇವಕತ್ವ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮೀಸಲಾದ ವ್ರತವಲ್ಲ. ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕ್ರೈಸ್ತರಲ್ಲಿ ಹಲವರು ಸಂಬಳದ ನೌಕರಿ, ಸಣ್ಣ ವ್ಯಾಪಾರದಲ್ಲಿರುವವರು. ಇಂಥ ಗೃಹಸ್ಥರಿಗೆ ಸೇವೆಯ ಹಳೆಯ ದಾರಿಯೊಂದನ್ನು ಫ್ರೆಡರಿಕ್ ಒಜಾನಾಮ್ 1833ರಲ್ಲಿ ಪ್ಯಾರಿಸ್‌ನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ತೋರಿಸಿತು. ಅದರ ಸದಸ್ಯರು ಜೊತೆಜೊತೆಯಾಗಿ ಬಡವರ ಮನೆಗೆ ಹೋಗಿ, ಕಷ್ಟಸುಖ ಕೇಳಿ, ಸದ್ದಿಲ್ಲದೆ ನೆರವಾಗುತ್ತಾರೆ. ಬಲಿಪೂಜೆಯ ಕಾಣಿಕೆ, ತಪಸ್ಸುಕಾಲದ ಉಪವಾಸದಲ್ಲಿ ಉಳಿಸಿದ ಹಣ, ಹಾಸಿಗೆ ಹಿಡಿದ ನೆರೆಯವರನ್ನು ನೋಡಿಕೊಳ್ಳುವುದು ಇದೇ ಬಗೆಯ ರೂಢಿಗಳು. ಪ್ರಾಟೆಸ್ಟೆಂಟ್ ಸಭೆಗಳಲ್ಲೂ ಇದೇ ನಿಲುವಿದೆ. ವೆಲ್ಲೆಸ್ಲಿ ಬೈಲಿ 1874ರಲ್ಲಿ ಆರಂಭಿಸಿದ ಲೆಪ್ರಸಿ ಮಿಷನ್ ಅದರ ಫಲ.

ಕ್ರೈಸ್ತರಲ್ಲದವರೂ ಇದೇ ಹಾದಿ ತುಳಿದಿದ್ದಾರೆ. ಗಾಂಧೀಜಿ ಸೇವಾಗ್ರಾಮದಲ್ಲಿ ಕುಷ್ಠರೋಗಿಯಾಗಿದ್ದ ಪರಚುರೆ ಶಾಸ್ತ್ರಿಗಳ ಹುಣ್ಣುಗಳಿಗೆ ತಾವೇ ಶುಶ್ರೂಷೆ ಮಾಡಿದರು. ಬಾಬಾ ಆಮ್ಟೆ ಕುಷ್ಠರೋಗಿಗಳಿಗಾಗಿ ಆನಂದವನ ಕಟ್ಟಿದರು.

ಇಂದಿನ ಸ್ಥಿತಿ

ಭಾರತದಲ್ಲಿ ಕುಷ್ಠರೋಗ ರಾಷ್ಟ್ರಮಟ್ಟದಲ್ಲಿ 10,000 ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣಗಳ ಮಟ್ಟಕ್ಕೆ 2005ರ ಡಿಸೆಂಬರಿನಲ್ಲಿ ಇಳಿಯಿತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಡ್ಡುವ ಅವಕಾಶವನ್ನು 2019ರ ತಿದ್ದುಪಡಿ ಕಾಯ್ದೆ ತೆಗೆದುಹಾಕಿತು. ಹಾಗಿದ್ದರೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ಪ್ರಕರಣಗಳು ಪತ್ತೆಯಾಗುತ್ತಿವೆ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ ಇದರ ಮೊದಲ ಗುರುತುಗಳಲ್ಲೊಂದು. ಬೇಗ ಮದ್ದು ಶುರುಮಾಡಿದರೆ ಅಂಗವೈಕಲ್ಯ ತಪ್ಪುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಚಿಕಿತ್ಸೆ ಉಚಿತ.