ಆಸ್ಟಿಯೋಪಥಿ ಮತ್ತು ಕೈರೋಪ್ರ್ಯಾಕ್ಟಿಕ್ : ಎರಡು ವೃತ್ತಿಗಳ ಕವಲು

ಔಷಧದ ನೆರವಿಲ್ಲದೆ, ಕೇವಲ ಹಸ್ತಕೌಶಲದಿಂದ ಬೆನ್ನೆಲುಬನ್ನು ಸರಿಪಡಿಸಿ ರೋಗವನ್ನು ನೀಗಬಹುದೆಂಬ ಮತವು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಸಲ ತಲೆದೋರಿತು. ಮೊದಲನೆಯದು ಆಸ್ಟಿಯೋಪಥಿ; ಎರಡನೆಯದು ಕೈರೋಪ್ರ್ಯಾಕ್ಟಿಕ್. ಇವು ಹುಟ್ಟಿದುದು ನೆರೆಹೊರೆಯ ಸಂಸ್ಥಾನಗಳಲ್ಲಿ. ನಡುವಣ ಅಂತರ ಇಪ್ಪತ್ತೊಂದೇ ವರ್ಷ. ಆದರೂ ಇಂದು ಆ ದೇಶದಲ್ಲಿ ಮೊದಲನೆಯದನ್ನು ಓದಿದವನು ಪೂರ್ಣಾಧಿಕಾರವುಳ್ಳ ವೈದ್ಯನು. ಎರಡನೆಯದನ್ನು ಓದಿದವನು ಮುಖ್ಯವಾಗಿ ಬೆನ್ನು ಮತ್ತು ಕೀಲುಗಳ ಉಪಚಾರಕನು. ಈ ಭೇದವು ಮೂಲಸಿದ್ಧಾಂತಗಳಿಂದಲೇ ಹುಟ್ಟಿತೆಂದು ಭಾವಿಸುವುದು ಸಹಜ. ಚರಿತ್ರೆಯನ್ನು ಪರಿಶೀಲಿಸಿದರೆ ನ್ಯಾಯಸ್ಥಾನ, ಶಾಸನಸಭೆ, ಪಾಠಶಾಲೆ ಈ ಮೂರೂ ಸೇರಿ ಇದನ್ನು ಉಂಟುಮಾಡಿದುವೆಂದು ವ್ಯಕ್ತವಾಗುತ್ತದೆ.

ಆಸ್ಟಿಯೋಪಥಿಯ ಮೂಲಪುರುಷನು ಆಂಡ್ರ್ಯೂ ಟೇಲರ್ ಸ್ಟಿಲ್ (೧೮೨೮–೧೯೧೭). ೧೮೬೪ರಲ್ಲಿ ಇವನ ಮೂವರು ಮಕ್ಕಳು ಮಿದುಳುಪೊರೆಯ ಜ್ವರಕ್ಕೆ ತುತ್ತಾದರು. ತಾನೇ ವೈದ್ಯನಾಗಿದ್ದೂ ಅವರನ್ನು ಉಳಿಸಿಕೊಳ್ಳಲಾರದೆ ಹೋದ ಇವನಿಗೆ ಅಂದಿನ ಔಷಧಗಳಲ್ಲಿ ನಂಬಿಕೆ ತಪ್ಪಿತು. ರಕ್ತವು ತಡೆಯಿಲ್ಲದೆ ಹರಿದರೆ ದೇಹವು ತನ್ನನ್ನು ತಾನೇ ಕಾಪಾಡಿಕೊಳ್ಳುವುದೆಂಬ ಮತವನ್ನು ೧೮೭೪ರಲ್ಲಿ ಪ್ರಕಟಿಸಿ, ೧೮೯೨ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬಲ್ಲಿ ಪಾಠಶಾಲೆಯನ್ನು ತೆರೆದನು. ಮೊದಲ ತರಗತಿಯಲ್ಲಿಯೇ ಸ್ತ್ರೀಯರಿಗೂ ಪ್ರವೇಶವಿದ್ದಿತು. ೧೮೯೬ರಲ್ಲಿ ವರ್ಮಾಂಟ್ ಸಂಸ್ಥಾನವೂ ಮರುವರ್ಷ ಮಿಸೌರಿಯೂ ಈ ಪದ್ಧತಿಗೆ ಶಾಸನದ ಮನ್ನಣೆಯನ್ನಿತ್ತುವು.

ಡೇನಿಯಲ್ ಡೇವಿಡ್ ಪಾಲ್ಮರ್ (೧೮೪೫–೧೯೧೩) ಕೆನಡಾದಲ್ಲಿ ಹುಟ್ಟಿ, ಅಯೋವದ ಡ್ಯಾವನ್‌ಪೋರ್ಟ್ ನಗರದಲ್ಲಿ ಕಾಂತಚಿಕಿತ್ಸೆ ನಡೆಸುತ್ತಿದ್ದವನು. ೧೮೯೫ರಲ್ಲಿ ಹಾರ್ವೆ ಲಿಲ್ಲಾರ್ಡ್ ಎಂಬ ಕಿವುಡನ ಬೆನ್ನೆಲುಬಿನ ಮಣಿಯೊಂದನ್ನು ಒತ್ತಿ ಸರಿಪಡಿಸಿದೆನೆಂದೂ ಅದರಿಂದ ಅವನಿಗೆ ಕಿವಿ ಕೇಳಿಸಿತೆಂದೂ ಪಾಲ್ಮರನು ಸಾರಿದನು. ಪದ್ಧತಿಯ ಹೆಸರನ್ನು ಗ್ರೀಕ್ ಭಾಷೆಯಿಂದ ಕಟ್ಟಿಕೊಟ್ಟವನು ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ. ಹಸ್ತದಿಂದ ಮಾಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಪೂರ್ವಪದಕ್ಕೂ ನಮ್ಮ 'ಕೈ' ಶಬ್ದಕ್ಕೂ ಇರುವ ಸಾಮ್ಯವು ಆಕಸ್ಮಿಕವಷ್ಟೆ. ಪಾಲ್ಮರನು ಸ್ಟಿಲ್ಲನ ವಿದ್ಯೆಯನ್ನೇ ಕದ್ದನೆಂದು ಆಸ್ಟಿಯೋಪಥಿಯವರು ಆಕ್ಷೇಪಿಸುತ್ತ ಬಂದರು.

ಈ ಆಕ್ಷೇಪವು ಬರಿಯ ವಾಗ್ವಾದವಾಗಿ ಉಳಿಯಲಿಲ್ಲ. ಎರಡೂ ಒಂದೇ ವಿದ್ಯೆಯಾದ ಪಕ್ಷದಲ್ಲಿ ಅನುಮತಿಪತ್ರವಿಲ್ಲದ ಕೈರೋಪ್ರ್ಯಾಕ್ಟರನು ಅಪರಾಧಿಯಾಗುವನು. ೧೯೦೬ರಲ್ಲಿ ಪಾಲ್ಮರನೇ ದಂಡ ತೆರಲೊಪ್ಪದೆ ಸೆರೆಗೆ ಹೋದನು. ೧೯೦೭ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲಾ ಕ್ರಾಸ್ ನಗರದಲ್ಲಿ ಜಪಾನೀಯನಾದ ಶೆಗತಾರೋ ಮೋರಿಕುಬೋ ಎಂಬವನ ಮೇಲೆ, ಅನುಮತಿಯಿಲ್ಲದೆ ಆಸ್ಟಿಯೋಪಥಿಯನ್ನು ಆಚರಿಸಿದನೆಂಬ ಆರೋಪ ಬಂದಿತು. ಅವನ ನ್ಯಾಯವಾದಿ ಟಾಮ್ ಮಾರಿಸ್ಸನು, ಆಸ್ಟಿಯೋಪಥಿಗೆ ರಕ್ತನಾಳ ಪ್ರಧಾನ, ಕೈರೋಪ್ರ್ಯಾಕ್ಟಿಕ್ಕಿಗೆ ನರ ಪ್ರಧಾನ, ಆದಕಾರಣ ಇವೆರಡೂ ಭಿನ್ನ ಶಾಸ್ತ್ರಗಳೆಂದು ವಾದಿಸಿದನು. ಇದಕ್ಕೆ ಪ್ರಮಾಣವಾಗಿ ಹಿಡಿದ ೧೯೦೬ರ ಗ್ರಂಥವು ಪಾಲ್ಮರ್ ಮನೆತನದ ಪ್ರತಿಸ್ಪರ್ಧಿಗಳು ಬರೆದುದೆಂಬುದು ಗಮನಾರ್ಹ. ಆರೋಪಿಯು ಬಿಡುಗಡೆ ಹೊಂದಿದನು. ಅಂದಿನಿಂದ ಭಿನ್ನತೆಯನ್ನು ಎತ್ತಿ ಹೇಳುವುದೇ ಆ ವೃತ್ತಿಗೆ ರಕ್ಷಾಕವಚವಾಯಿತು. ೧೯೧೩ರಲ್ಲಿ ಕ್ಯಾನ್ಸಾಸ್ ಸಂಸ್ಥಾನವು ಮೊದಲ ಪ್ರತ್ಯೇಕ ಶಾಸನವನ್ನು ಮಾಡಿತು. ಕಟ್ಟಕಡೆಯ ಸಂಸ್ಥಾನವಾದ ಲೂಯಿಸಿಯಾನ ಒಪ್ಪಿದುದು ೧೯೭೪ರಲ್ಲಿ.

ಅತ್ತ ಆಸ್ಟಿಯೋಪಥಿಯು ಇದಕ್ಕೆ ವಿರುದ್ಧವಾದ ಹಾದಿಯನ್ನು ಹಿಡಿಯಿತು. ೧೯೧೦ರ ಫ್ಲೆಕ್ಸ್‌ನರ್ ವರದಿಯು ಅದರ ಶಾಲೆಗಳನ್ನು ಕಟುವಾಗಿ ಖಂಡಿಸಿತು. ಶಾಲೆಗಳು ಪಾಠಕ್ರಮವನ್ನು ಬಲಪಡಿಸುತ್ತ ಬಂದು, ೧೯೨೯ರ ವೇಳೆಗೆ, ಸ್ಟಿಲ್ ತ್ಯಜಿಸಿದ್ದ ಔಷಧಶಾಸ್ತ್ರವನ್ನೇ ಅಂಗೀಕರಿಸಿದುವು. ಫಲವು ತಡವಾಗಿ ಬಂದರೂ ಪೂರ್ಣವಾಗಿ ಬಂದಿತು. ೧೯೬೬ರಲ್ಲಿ ಸೈನ್ಯದ ವೈದ್ಯಾಧಿಕಾರಿಗಳ ಸ್ಥಾನ ಇವರಿಗೆ ತೆರೆಯಿತು. ೧೯೭೩ರೊಳಗೆ ಎಲ್ಲ ಸಂಸ್ಥಾನಗಳಲ್ಲಿಯೂ ಔಷಧ ಮತ್ತು ಶಸ್ತ್ರಚಿಕಿತ್ಸೆಯ ಪೂರ್ಣಾಧಿಕಾರ ಲಭಿಸಿತು. ೨೦೨೦ರಲ್ಲಿ ಇವರ ಆಸ್ಪತ್ರೆ ತರಬೇತಿಯೂ ಇತರ ವೈದ್ಯರ ತರಬೇತಿಯೂ ಒಂದೇ ಮನ್ನಣೆಯ ಕೆಳಗೆ ಬಂದುವು.

ಸಮಾನತೆಯು ಸಮೀಪಿಸಿದಷ್ಟೂ ಪ್ರತ್ಯೇಕತೆಗೆ ಅಪಾಯವೊದಗಿತೆಂಬುದಕ್ಕೆ ಕ್ಯಾಲಿಫೋರ್ನಿಯ ನಿದರ್ಶನ. ಅಲ್ಲಿ ೧೯೬೨ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಆಸ್ಟಿಯೋಪಥಿ ವೈದ್ಯರು ೬೫ ಡಾಲರು ಕೊಟ್ಟು ಸಾಮಾನ್ಯ ವೈದ್ಯಪದವಿಯನ್ನು ಪಡೆದರು. ಅವರ ಕಾಲೇಜೂ ಹೆಸರು ಬದಲಿಸಿತು. ಹೊಸಬರಿಗೆ ಅನುಮತಿ ನಿಂತಿತು. ೧೯೭೪ರಲ್ಲಿ ಆ ಸಂಸ್ಥಾನದ ಪರಮೋಚ್ಚ ನ್ಯಾಯಾಲಯವು ಈ ನಿಷೇಧವನ್ನು ತೊಡೆದುಹಾಕಿತು. ಹೊಸ ಪಾಠವೇನೂ ಇಲ್ಲದೆ ಪದವಿ ಬದಲಾಗಬಹುದಾದರೆ ಮೊದಲಿನ ವಿದ್ಯೆಯಲ್ಲಿ ಕೊರತೆಯೇನಿದ್ದಿತು ಎಂಬ ಪ್ರಶ್ನೆಗೆ ವಿರೋಧಿಗಳಲ್ಲಿ ಉತ್ತರವಿರಲಿಲ್ಲ.

ಕೈರೋಪ್ರ್ಯಾಕ್ಟಿಕ್ ತನ್ನ ಎಲ್ಲೆಯೊಳಗೆ ನಿಂತೇ ಮನ್ನಣೆಯನ್ನು ಪಡೆಯಿತು. ೧೯೭೨ರ ಶಾಸನದಿಂದ ವೃದ್ಧರ ಸರ್ಕಾರೀ ವಿಮೆಯಲ್ಲಿ ಅದಕ್ಕೆ ಸ್ಥಾನ ದೊರೆತರೂ, ಅದು ಬೆನ್ನೆಲುಬಿನ ಹಸ್ತೋಪಚಾರಕ್ಕೆ ಮಾತ್ರ. ಅಮೆರಿಕಾ ವೈದ್ಯಸಂಘವು ನಡೆಸಿದ್ದ ಬಹಿಷ್ಕಾರವು ಕಾನೂನುಬಾಹಿರವೆಂದು ೧೯೮೭ರಲ್ಲಿ ತೀರ್ಪಾಯಿತು. ಸಕಲ ರೋಗಗಳಿಗೂ ಬೆನ್ನೆಲುಬೇ ಮೂಲವೆಂಬ ಹಳೆಯ ಮತವು ವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ಸೊಂಟನೋವಿನಲ್ಲಿ ಈ ಉಪಚಾರದಿಂದ ಸ್ವಲ್ಪಮಟ್ಟಿನ ಶಮನವುಂಟೆಂಬುದು ಅಂಗೀಕೃತವಾಗಿದೆ.

ಈ ಭೇದವು ಸಿದ್ಧಾಂತಮೂಲವಾದುದೇ ಆಗಿದ್ದರೆ ಎಲ್ಲ ದೇಶಗಳಲ್ಲಿಯೂ ಒಂದೇ ತೆರನಾಗಿರಬೇಕಾಗಿತ್ತು. ಬ್ರಿಟನ್ನಿನಲ್ಲಿ ಹಾಗಿಲ್ಲ. ಅಲ್ಲಿ ೧೯೯೩ರ ಶಾಸನದಿಂದ ಆಸ್ಟಿಯೋಪಥಿಗೂ ೧೯೯೪ರ ಶಾಸನದಿಂದ ಕೈರೋಪ್ರ್ಯಾಕ್ಟಿಕ್ಕಿಗೂ ನೋಂದಣಿಯ ವ್ಯವಸ್ಥೆಯಾಯಿತು. ಎರಡೂ ಹಸ್ತೋಪಚಾರದ ವೃತ್ತಿಗಳಾಗಿಯೇ ಉಳಿದುವು. ಸ್ಟಿಲ್ಲನ ಹೆಸರೊಂದೇ ಅಲ್ಲಿ ಯಾರನ್ನೂ ಪೂರ್ಣವೈದ್ಯನನ್ನಾಗಿ ಮಾಡಲಿಲ್ಲ. ಅಮೆರಿಕಾದಲ್ಲಿ ಆಸ್ಟಿಯೋಪಥಿಯು ಅಧಿಕಾರವನ್ನು ಗಳಿಸಿತು. ಆದರೆ ಅದರ ವೈದ್ಯರಲ್ಲಿ ಬಹುಮಂದಿ ಮೂಲದ ಹಸ್ತಕಲೆಯನ್ನು ವಿರಳವಾಗಿ ಬಳಸುತ್ತಾರೆ. ಕೈರೋಪ್ರ್ಯಾಕ್ಟಿಕ್ ಹಸ್ತಕಲೆಯನ್ನು ಉಳಿಸಿಕೊಂಡಿತು. ಅಧಿಕಾರವು ಅದಕ್ಕೆ ಪರಿಮಿತವಾಗಿಯೇ ಉಳಿಯಿತು. ಒಂದು ವೃತ್ತಿಯು ತಾನು ಇತರರಂತೆಯೇ ಎಂದು ಸಿದ್ಧಪಡಿಸಿ ಬದುಕಿತು, ಇನ್ನೊಂದು ತಾನು ಇತರರಂತಲ್ಲವೆಂದು ಸಿದ್ಧಪಡಿಸಿ ಬದುಕಿತು.